ರಾಸಾಯನಿಕ ಸೋರಿಕೆಯಾದ ಮೇಲೆ ಊರಿನ ಗಾಳಿಯನ್ನು ಊರಿನವರೇ ಅಳೆಯುವುದು ಹೇಗೆ

ಸೋರಿಕೆಯಾದ ಮರುದಿನ ಹೆಚ್ಚಿನ ಊರುಗಳಲ್ಲಿ ನಡೆಯುವುದು ಒಂದೇ ಬಗೆ. ಯಾರೋ ಆನ್‌ಲೈನಿನಲ್ಲಿ ಒಂದು ಏರ್ ಕ್ವಾಲಿಟಿ ಮಾನಿಟರ್ ತರಿಸುತ್ತಾರೆ. ಮೂಗಿಗೆ ಘಾಟು ಹೊಡೆಯುತ್ತಲೇ ಇರುತ್ತದೆ, ಮಾನಿಟರ್ ಮಾತ್ರ ಹಸಿರು ದೀಪ ತೋರಿಸುತ್ತದೆ. ಆ ಹಸಿರು ದೀಪದ ಫೋಟೊ ಊರೆಲ್ಲ ಸುತ್ತಿ, ಕೊನೆಗೆ ಗಾಳಿ ಶುದ್ಧವಾಗಿತ್ತು ಎನ್ನುವವರ ಕೈಗೇ ಸೇರುತ್ತದೆ. ಸಾಧನವನ್ನು ಮೊದಲು ಕೊಂಡು, ಏನನ್ನು ಅಳೆಯಬೇಕು ಎಂಬುದನ್ನು ಆಮೇಲೆ ಯೋಚಿಸಿದ್ದರಿಂದ ಹೀಗಾಗುತ್ತದೆ. ಆ ಮಾನಿಟರ್ ದೂಳನ್ನು ಎಣಿಸುತ್ತದೆ, ಅನಿಲ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಮಾರ್ಗದರ್ಶಿಯಲ್ಲಿ ಕೆಲಸದ ಕ್ರಮವೇ ಮುಖ್ಯ. ಉದಾಹರಣೆಗೆ ಉದ್ದಕ್ಕೂ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಸ್ಟೈರೀನ್ ಎಂಬ ದ್ರವವನ್ನು ಇಟ್ಟುಕೊಂಡಿದ್ದೇವೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂ ಬಳಿಯ ಎಲ್‌ಜಿ ಪಾಲಿಮರ್ಸ್ ಘಟಕದ ಟ್ಯಾಂಕಿನಿಂದ ಹೊರಬಂದು 12 ಜನರ ಜೀವ ತೆಗೆದದ್ದು ಇದರದೇ ಆವಿ. ಬೈಕಂಪಾಡಿ, ಪೀಣ್ಯ, ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಹೀಗೆ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಯಾವ ಊರಿನಲ್ಲಾದರೂ ರಾಸಾಯನಿಕದ ಹೆಸರು ಬದಲಾಗಬಹುದು, ಕ್ರಮ ಬದಲಾಗುವುದಿಲ್ಲ.

ಶುರು ಮಾಡುವ ಮುನ್ನ: ಯಾರೂ ಆವಿಯೊಳಗೆ ಹೋಗಬಾರದು

ಅಳೆಯುವ ಕೆಲಸ ಶುರುವಾಗುವುದು ಜನ ಸುರಕ್ಷಿತ ಜಾಗ ಸೇರಿದ ಮೇಲೆ. ಸ್ಯಾಂಪಲ್ ತರುತ್ತೇನೆಂದು ಸೋರಿಕೆಯ ಕಡೆಗೆ ನಡೆಯುವುದು ಜೀವಕ್ಕೇ ಕುತ್ತು. 112ಕ್ಕೆ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ಕರೆ ಮಾಡಿದ ಹೊತ್ತನ್ನು ಬರೆದಿಡಿ, ಮುಂದೆ ಅದೇ ನಿಮ್ಮ ಮೊದಲ ದಾಖಲೆಯಾಗುತ್ತದೆ.

ಹೊರಡುವುದಾದರೆ ಗಾಳಿಗೆ ಅಡ್ಡವಾಗಿ ನಡೆಯಿರಿ. ಗಾಳಿ ಹೋಗುವ ದಿಕ್ಕಿನಲ್ಲೇ ಓಡಿದರೆ ಆವಿಯೂ ಜೊತೆಗೇ ಬರುತ್ತದೆ. ಸ್ಟೈರೀನ್ ಆವಿ ಗಾಳಿಗಿಂತ ಸುಮಾರು 3.6 ಪಟ್ಟು ಭಾರ, ಕ್ಲೋರಿನ್ ಸುಮಾರು 2.5 ಪಟ್ಟು. ಇವು ಚರಂಡಿ, ತಗ್ಗು, ನೆಲಮಾಳಿಗೆಗಳಲ್ಲಿ ನಿಲ್ಲುತ್ತವೆ, ಆದ್ದರಿಂದ ಎತ್ತರದ ಕಡೆ ಹೋಗಬೇಕು. ಅಮೋನಿಯ ಗಾಳಿಗಿಂತ ಹಗುರವಾದರೂ ಒತ್ತಡದ ಟ್ಯಾಂಕಿನಿಂದ ಚಿಮ್ಮಿದಾಗ ತಣ್ಣನೆಯ ಬಿಳಿ ಮಂಜಾಗಿ ನೆಲ ಹಿಡಿದೇ ಹರಿಯುತ್ತದೆ. ಹಗುರ ಅನಿಲವೆಂದು ನಂಬಿ ಮೋಸ ಹೋಗಬೇಡಿ. ಮನೆಯಿಂದ ಹೊರಬರಲಾಗದಿದ್ದರೆ ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಮತ್ತು ಎಸಿ ನಿಲ್ಲಿಸಿ, ಮೇಲಿನ ಮಹಡಿಗೆ ಹೋಗಿ.

ಎನ್95 ಮಾಸ್ಕ್ ದೂಳನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಅದನ್ನು ಹಾಕಿಕೊಂಡು ಧೈರ್ಯ ಮಾಡುವವರನ್ನು ಕೈ ಹಿಡಿದು ನಿಲ್ಲಿಸಿ.

ಹಂತ 1: ಮೊದಲ ಗಂಟೆಯಿಂದಲೇ ದಾಖಲೆ ಪುಸ್ತಕ

ಗೆರೆ ಹಾಕಿದ ಒಂದು ನೋಟ್‌ಬುಕ್, ಬಾಲ್ ಪೆನ್, ಫೋನಿನ ಗಡಿಯಾರ ಇಷ್ಟಿದ್ದರೆ ಸಾಕು. ಯಾವ ಸೆನ್ಸರ್ ಕೊಂಡರೂ ಈ ಪುಸ್ತಕದ ಬೆಲೆ ಅದಕ್ಕೆ ಬಾರದು, ಯಾಕೆಂದರೆ ಎಲ್ಲಿ, ಎಷ್ಟು ಹೊತ್ತಿಗೆ ಸ್ಯಾಂಪಲ್ ಹಿಡಿಯಬೇಕು ಎಂದು ಹೇಳುವುದು ಇದೇ.

ಪ್ರತಿ ಸಾಲಿನಲ್ಲಿ ಇಷ್ಟು ಇರಲಿ: ತಾರೀಖು, ಗಂಟೆ-ನಿಮಿಷ, ಜಾಗ, ವಾಸನೆಯ ಬಗೆ, 0ರಿಂದ 5ರವರೆಗೆ ತೀವ್ರತೆ, ಗಾಳಿ ಎಲ್ಲಿಂದ ಬೀಸುತ್ತಿದೆ, ಮಳೆ ಅಥವಾ ಮಂಜು, ಯಾರಿಗೆ ಏನಾಯಿತು. ಒಂದು ಸಾಲು ಹೀಗಿರಬೇಕು: «ರಾತ್ರಿ 2:40, ಮಾರಿಗುಡಿ ಕಟ್ಟೆ, ಬ್ಲೀಚಿಂಗ್ ಪೌಡರಿನಂಥ ಘಾಟು, 4, ಗಾಳಿ ಪಶ್ಚಿಮದಿಂದ ಮೆಲ್ಲಗೆ, ಇಬ್ಬರಿಗೆ ಕಣ್ಣುರಿ, 3:05ಕ್ಕೆ ಇಳಿಯಿತು.»

ವಾಸನೆಯನ್ನು ದಿನಬಳಕೆಯ ವಸ್ತುವಿಗೆ ಹೋಲಿಸಿ ಬರೆಯಿರಿ. ಕೊಳೆತ ಮೊಟ್ಟೆ ಎಂದರೆ ಹೈಡ್ರೋಜನ್ ಸಲ್ಫೈಡ್ ಇರಬಹುದು, ಕೊಳೆತ ಎಲೆಕೋಸು ಎಂದರೆ ಮರ್ಕಾಪ್ಟಾನ್, ಹಳಸಿದ ಮೀನು ಎಂದರೆ ಅಮೀನ್, ನೇಲ್ ಪಾಲಿಶ್ ತೆಗೆಯುವ ದ್ರವ ಎಂದರೆ ಅಸಿಟೋನ್, ಹೊಸ ಪ್ಲಾಸ್ಟಿಕ್ಕಿನ ಸಿಹಿ ವಾಸನೆ ಎಂದರೆ ಸ್ಟೈರೀನ್. ಆದರೆ ಪುಸ್ತಕದಲ್ಲಿ ಬರೆಯಬೇಕಾದ್ದು ಹೋಲಿಕೆಯನ್ನು ಮಾತ್ರ. ರಾಸಾಯನಿಕದ ಹೆಸರನ್ನೋ ಕಾರ್ಖಾನೆಯ ಹೆಸರನ್ನೋ ಊಹಿಸಿ ಬರೆದರೆ ಇಡೀ ಪುಸ್ತಕವನ್ನೇ ಪೂರ್ವಗ್ರಹವೆಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಮೂರು. ಮೊದಲನೆಯದು, ವಾಸನೆ ಬಂದಾಗ ಮಾತ್ರ ಬರೆಯುವುದು. ವಾಸನೆ ಇಲ್ಲದ ಹೊತ್ತನ್ನೂ «0» ಎಂದು ಬರೆದರೆ ಮಾತ್ರ ಬಂದ ಹೊತ್ತಿಗೆ ಅರ್ಥ. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10, ನಸುಕಿನ 3 ಹೀಗೆ ನಿಗದಿ ಹೊತ್ತು ಇಟ್ಟುಕೊಂಡು ಪಾಳಿ ಹಂಚಿಕೊಳ್ಳಿ. ಎರಡನೆಯದು, ಮೂಗು ಸೋಲುವುದು. ಸ್ವಲ್ಪ ಹೊತ್ತು ಅದೇ ವಾಸನೆಯಲ್ಲಿ ನಿಂತರೆ ಅದು ಗೊತ್ತೇ ಆಗುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಅಂತೂ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ) ದಾಟಿದರೆ ಮೂಗಿನ ಶಕ್ತಿಯನ್ನೇ ಮಂಕಾಗಿಸುತ್ತದೆ, ವಾಸನೆ ತಟ್ಟನೆ ನಿಂತಿತೆಂದರೆ ಅದು ಓಡಬೇಕಾದ ಲಕ್ಷಣ. ಮೂರನೆಯದು, ವಾಟ್ಸಾಪ್ ಗುಂಪನ್ನೇ ದಾಖಲೆ ಎಂದುಕೊಳ್ಳುವುದು. ಅಲ್ಲಿ ಕಳಿಸಿದ ಫೋಟೊದಲ್ಲಿ ತೆಗೆದ ಸಮಯ, ಜಾಗದ ಮಾಹಿತಿ ಉಳಿಯುವುದಿಲ್ಲ. ಮೂಲ ಫೋಟೊ ತೆಗೆದವರ ಫೋನಿನಲ್ಲೇ ಇರಲಿ, ಅಳಿಸಬೇಡಿ.

ಗಾಳಿಯ ದಿಕ್ಕಿಗೆ ಒಂದು ಕೋಲಿನ ತುದಿಗೆ ಹಗುರವಾದ ರಿಬ್ಬನ್ ಕಟ್ಟಿ ತಾರಸಿಯ ಮೇಲೆ ನಿಲ್ಲಿಸಿ. ಅಗರಬತ್ತಿ ಹಚ್ಚಿ ಹೊಗೆ ನೋಡುವ ಅಭ್ಯಾಸ ಕೆಲವರಿಗಿದೆ, ಅದನ್ನು ಖಂಡಿತ ಮಾಡಬೇಡಿ. ಸ್ಟೈರೀನ್, ಟಾಲ್ವೀನ್, ಎಲ್‌ಪಿಜಿ ಎಲ್ಲವೂ ಹತ್ತಿಕೊಳ್ಳುವ ಆವಿಗಳು.

ಹಂತ 2: ಏನು ಸೋರಿತು ಎಂದು ಹೆಸರು ಹಿಡಿಯಿರಿ

ಹೆಸರು ಗೊತ್ತಾಗದೆ ಒಂದು ಪೈಸೆಯ ಸಾಧನವನ್ನೂ ಕೊಳ್ಳಬೇಡಿ. ಹೆಸರು ಸಿಗುವ ದಾರಿಗಳು ಹಲವು.

ಬೇಗ ಸಿಗುವುದು ಟ್ಯಾಂಕರಿನ ಹಿಂದೆ ಮತ್ತು ಪಕ್ಕದಲ್ಲಿರುವ ತುರ್ತು ಮಾಹಿತಿ ಫಲಕದಿಂದ. ಅದರಲ್ಲಿ ನಾಲ್ಕಂಕಿಯ ಯುಎನ್ ಸಂಖ್ಯೆ, ಅಂದರೆ ಅಪಾಯಕಾರಿ ವಸ್ತುವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ ಇರುತ್ತದೆ. 1005 ಎಂದರೆ ಅಮೋನಿಯ, 1017 ಕ್ಲೋರಿನ್, 1114 ಬೆಂಜೀನ್, 1294 ಟಾಲ್ವೀನ್, 2055 ಸ್ಟೈರೀನ್. ಕಾರ್ಖಾನೆಯ ಗೇಟಿನ ಮುಂದಿನ ಚಹಾ ಅಂಗಡಿಯಲ್ಲಿ ವಾರ ಕೂತು ಒಳಹೋಗುವ ಟ್ಯಾಂಕರುಗಳ ಸಂಖ್ಯೆ ಬರೆದುಕೊಂಡರೆ ಒಳಗೆ ಏನೇನು ಶೇಖರವಾಗುತ್ತದೆ ಎಂಬುದರ ಪಟ್ಟಿ ತಾನಾಗಿ ತಯಾರಾಗುತ್ತದೆ. ದುರ್ಘಟನೆಗೆ ಮುಂಚೆಯೇ ಮಾಡಿಟ್ಟುಕೊಳ್ಳಬೇಕಾದ ಕೆಲಸ ಇದು.

ಕಾಗದದ ದಾರಿಯೂ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಕಾರ್ಯಾಚರಣೆ ಸಮ್ಮತಿ ಪತ್ರ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿರುವ ಪರಿಸರ ಅನುಮತಿ ಪತ್ರ, ಜಿಲ್ಲಾಡಳಿತದ ಬಳಿ ಇರಬೇಕಾದ ಹೊರ-ಆವರಣ ತುರ್ತು ಯೋಜನೆ (ಅವಘಡ ಕಾರ್ಖಾನೆಯ ಗೋಡೆ ದಾಟಿದರೆ ಏನು ಮಾಡಬೇಕೆಂಬ ಯೋಜನೆ), ಈ ಮೂರನ್ನೂ ಕೇಳಿ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ ಸುತ್ತಲಿನ ಜನರಿಗೆ ಅಪಾಯ ಎಂಥದ್ದು, ಅವಘಡವಾದರೆ ಏನು ಮಾಡಬೇಕು ಎಂದು ಮೊದಲೇ ತಿಳಿಸಿರಬೇಕು. ಮಾಹಿತಿ ಹಕ್ಕು ಅರ್ಜಿಯಲ್ಲಿ «ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿ, ಸೆಕ್ಷನ್ 7(1)ರಂತೆ 48 ಗಂಟೆಯೊಳಗೆ ಕೊಡಬೇಕು» ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಇಲ್ಲದಿದ್ದರೆ 30 ದಿನದ ಸರದಿಯಲ್ಲಿ ಸೇರಿಹೋಗುತ್ತದೆ.

ಹೆಸರು ಸಿಕ್ಕ ಮೇಲೆ ಆ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವನ್ನು ಹುಡುಕಿ. 8ನೆಯ ವಿಭಾಗದಲ್ಲಿ ಮಿತಿಗಳು, 9ನೆಯದರಲ್ಲಿ ಆವಿಯ ಸಾಂದ್ರತೆ, 10ನೆಯದರಲ್ಲಿ ಯಾವುದರೊಂದಿಗೆ ಸೇರಿದರೆ ಏನಾಗುತ್ತದೆ ಎಂಬುದು ಇರುತ್ತದೆ. ಸ್ಟೈರೀನ್ ಬಿಸಿಯಾದರೆ ತಾನೇ ಪಾಲಿಮರ್ ಆಗುತ್ತ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ ಎಂಬುದು ಅಲ್ಲಿಯೇ ಬರೆದಿರುತ್ತದೆ. ಟ್ಯಾಂಕ್ ಪೂರ್ತಿ ತಣ್ಣಗಾಗುವವರೆಗೆ ಎರಡನೆಯ ಸಲ ಆವಿ ಏಳಬಹುದು ಎಂದು ಇದರರ್ಥ, ಹಾಗಾಗಿ ಮೊದಲ ರಾತ್ರಿ ಕಳೆಯಿತೆಂದು ಪಾಳಿ ನಿಲ್ಲಿಸಬೇಡಿ.

ಹಂತ 3: ಆ ರಾಸಾಯನಿಕವನ್ನು ಕಾಣಬಲ್ಲ ಸಾಧನ

ಎಲ್ಲರೂ ಎಡವುವುದು ಇಲ್ಲಿ.

ಕಾಗದದ ಪಟ್ಟಿಗಳು ಅಗ್ಗ, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲೇ ಸಿಗುತ್ತವೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ನೀಲಿಯಾದರೆ ಅಮೋನಿಯದಂಥ ಕ್ಷಾರ. ನೀಲಿ ಲಿಟ್ಮಸ್ ಕೆಂಪಾದರೆ ಆಮ್ಲದ ಆವಿ. ಲೆಡ್ ಅಸಿಟೇಟ್ ಕಾಗದ ಕಂದು ಅಥವಾ ಕಪ್ಪಾದರೆ ಹೈಡ್ರೋಜನ್ ಸಲ್ಫೈಡ್. ಪೊಟ್ಯಾಸಿಯಂ ಅಯೊಡೈಡ್-ಪಿಷ್ಟದ ಕಾಗದ ನೀಲಿಯಾದರೆ ಕ್ಲೋರಿನ್, ಆದರೆ ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡಿಗೂ ಅದು ಹಾಗೇ ಆಗುತ್ತದೆ. ಇವುಗಳಿಂದ ಪ್ರಮಾಣ ಗೊತ್ತಾಗದು, ಯಾವ ಜಾತಿಯದು ಎಂಬ ಸುಳಿವು ಮಾತ್ರ ಸಿಗುತ್ತದೆ. ಸ್ಟೈರೀನಿಗೆ ಇವು ಯಾವುವೂ ಉಪಯೋಗಕ್ಕೆ ಬರುವುದಿಲ್ಲ. ಲೆಡ್ ಅಸಿಟೇಟ್ ವಿಷ, ಬರಿಗೈಯಲ್ಲಿ ಮುಟ್ಟಬೇಡಿ.

ಡಿಟೆಕ್ಟರ್ ಟ್ಯೂಬ್ ಒಂದು ಗಾಜಿನ ಕೊಳವೆ. ನಿರ್ದಿಷ್ಟ ರಾಸಾಯನಿಕ ಹಾದುಹೋದರೆ ಒಳಗಿನ ಪುಡಿಯ ಬಣ್ಣ ಬದಲಾಗುತ್ತದೆ, ಬಣ್ಣ ಎಷ್ಟು ದೂರ ಹೋಯಿತೋ ಅಷ್ಟು ಪಿಪಿಎಂ. ಎರಡೂ ತುದಿ ಮುರಿದು, ಬಾಣದ ಗುರುತು ಪಂಪಿನ ಕಡೆಗೆ ಬರುವಂತೆ ಸಿಕ್ಕಿಸಬೇಕು. ಕೈಪಂಪಿನ ಒಂದು ಎಳೆತ ಎಂದರೆ 100 ಮಿಲಿಲೀಟರ್ ಗಾಳಿ. ಕೆಲಸಕ್ಕೆ ಮುನ್ನ ಪಂಪಿನ ಸೋರಿಕೆ ನೋಡಿ: ತುದಿ ಒಡೆಯದ ಕೊಳವೆ ಸಿಕ್ಕಿಸಿ ಬೆಲ್ಲೋಸ್ (ಪಂಪಿನ ಮುದುಡುವ ಭಾಗ) ಒತ್ತಿ ಬಿಟ್ಟರೆ ಅದು ಮುದುಡಿಕೊಂಡೇ ಇರಬೇಕು, ಮೆಲ್ಲನೆ ಉಬ್ಬಿದರೆ ಪಂಪ್ ಸೋರುತ್ತಿದೆ. ಎಳೆತ ಪೂರ್ತಿಯಾಗುವ ಮೊದಲೇ ಕೊಳವೆ ಕೀಳುವುದು ಸಾಮಾನ್ಯ ತಪ್ಪು, ಆಗ ಅಂಕಿ ಕಡಿಮೆ ಬರುತ್ತದೆ. ಒಂದು ಟ್ಯೂಬ್ ಒಂದೇ ರಾಸಾಯನಿಕಕ್ಕೆ. ಅವಧಿ ಮುಗಿದ ದಿನಾಂಕವನ್ನೂ, ಬೇರೆ ಯಾವ ಅನಿಲಗಳು ಅದನ್ನು ಮೋಸಗೊಳಿಸುತ್ತವೆ ಎಂಬ ಚೀಟಿಯನ್ನೂ ಓದಿ.

ಪಿಐಡಿ (ಫೋಟೊಅಯೊನೈಸೇಶನ್ ಡಿಟೆಕ್ಟರ್) ಎನ್ನುವುದು ಅತಿನೇರಳೆ ದೀಪವಿರುವ ಕೈಯಳತೆಯ ಮೀಟರ್. ಬಾಡಿಗೆಗೂ ಸಿಗುತ್ತದೆ. ಸಾಮಾನ್ಯ ದೀಪ 10.6 ಎಲೆಕ್ಟ್ರಾನ್ ವೋಲ್ಟಿನದು, ಅದಕ್ಕಿಂತ ಕಡಿಮೆ ಅಯಾನೀಕರಣ ಶಕ್ತಿಯ (ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ) ಅನಿಲಗಳನ್ನು ಮಾತ್ರ ಅದು ಕಾಣುತ್ತದೆ. ಸ್ಟೈರೀನ್ ಸುಮಾರು 8.4, ಟಾಲ್ವೀನ್ 8.8, ಬೆಂಜೀನ್ 9.2, ಇವು ಚೆನ್ನಾಗಿ ಕಾಣುತ್ತವೆ. ಕ್ಲೋರಿನ್ ಸುಮಾರು 11.5, ಸಲ್ಫರ್ ಡೈಆಕ್ಸೈಡ್ 12.3, ಮೀಥೇನ್ 12.6, ಕಾರ್ಬನ್ ಮೊನಾಕ್ಸೈಡ್ 14, ಇವು ಎಷ್ಟೇ ಇದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಕ್ಲೋರಿನ್ ಸೋರಿಕೆಗೆ ಪಿಐಡಿ ಹಿಡಿದು ಹೋದವರು «ಏನೂ ಇಲ್ಲ» ಎಂದು ಹೇಳುವುದು ಇದರಿಂದಲೇ.

ಪಿಐಡಿ ಪರದೆಯ ಅಂಕಿಯನ್ನು ಹಾಗೇ ಬರೆಯಬಾರದು. ಮೀಟರನ್ನು ಐಸೊಬ್ಯುಟಿಲೀನ್ ಎಂಬ ಅನಿಲದಿಂದ ಹೊಂದಿಸಿರುತ್ತಾರೆ, ಬೇರೆ ಅನಿಲಕ್ಕೆ ತಿದ್ದುವ ಗುಣಕ ಬೇಕು. 10.6 ದೀಪದಲ್ಲಿ ಸ್ಟೈರೀನಿಗೆ ಸುಮಾರು 0.4, ಬೆಂಜೀನಿಗೆ 0.5, ಅಮೋನಿಯಕ್ಕೆ ಹತ್ತಿರಹತ್ತಿರ 10. ಪರದೆಯಲ್ಲಿ 10 ಪಿಪಿಎಂ ಇದ್ದರೆ ಸ್ಟೈರೀನ್ ಲೆಕ್ಕದಲ್ಲಿ 4, ಅಮೋನಿಯ ಲೆಕ್ಕದಲ್ಲಿ 100. ನಿಖರ ಗುಣಕ ನಿಮ್ಮ ಮೀಟರಿನ ಕೈಪಿಡಿಯಲ್ಲಿದೆ, ಅದನ್ನೇ ಬಳಸಿ. ಪರದೆಯ ಅಂಕಿ, ಬಳಸಿದ ಗುಣಕ ಎರಡನ್ನೂ ಬರೆಯಿರಿ. ಹ್ಯಾಂಡ್ ಸ್ಯಾನಿಟೈಸರ್, ಪೆಟ್ರೋಲ್, ಸೆಂಟು ಎಲ್ಲಕ್ಕೂ ಪಿಐಡಿ ಏರುತ್ತದೆ. ಬಹಳ ಆರ್ದ್ರತೆಯಲ್ಲಿ ಅಂಕಿ ಕುಗ್ಗಬಹುದು, ದೀಪದ ಮೇಲೆ ಹನಿ ಕಟ್ಟಿದರೆ ಕಾರಣವಿಲ್ಲದೆ ಏರುತ್ತಲೂ ಹೋಗಬಹುದು. ದಿನವೂ ಶುದ್ಧ ಗಾಳಿಯಲ್ಲಿ ಸೊನ್ನೆ ಮಾಡಿ, 100 ಪಿಪಿಎಂ ಐಸೊಬ್ಯುಟಿಲೀನ್ ಸಿಲಿಂಡರಿನಿಂದ ಪರೀಕ್ಷಿಸಿದ ಮೇಲೆಯೇ ಹೊರಡಿ. ಘಾಟಿರುವ ಜಾಗದಲ್ಲಿ ಸೊನ್ನೆ ಮಾಡಿದರೆ ಆಮೇಲಿನ ಅಂಕಿಗಳೆಲ್ಲ ಸುಳ್ಳು.

ಹಂತ 4: ಎಲ್ಲಿ, ಎಷ್ಟು ಹೊತ್ತಿಗೆ

ಕನಿಷ್ಠ ಮೂರು ಜಾಗ ಗೊತ್ತು ಮಾಡಿ. ಒಂದು, ಗಾಳಿ ಬರುವ ಕಡೆ, ಅಂದರೆ ಘಟಕದ ಆಚೆ ಬದಿ. ಇನ್ನೊಂದು, ಗಾಳಿ ಹೋಗುವ ಕಡೆ ಘಟಕಕ್ಕೆ ಹತ್ತಿರದ ಮನೆಗಳು. ಮೂರನೆಯದು ಅದೇ ದಿಕ್ಕಿನಲ್ಲಿ ಇನ್ನಷ್ಟು ದೂರದ ಶಾಲೆ ಅಥವಾ ಅಂಗನವಾಡಿ. ಮೊದಲ ಜಾಗದ ಅಂಕಿ ಇಲ್ಲದಿದ್ದರೆ «ಇದು ಹೆದ್ದಾರಿಯ ಹೊಗೆ» ಎಂಬ ಒಂದೇ ಮಾತಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಹೊತ್ತಿನ ವಿಷಯದಲ್ಲಿ ರಾತ್ರಿಯೇ ಮುಖ್ಯ. ಬಿಸಿಲಿರುವಾಗ ನೆಲ ಕಾದು ಗಾಳಿ ಮೇಲೇಳುತ್ತದೆ, ಆವಿ ಚದುರುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗಿ ಕೆಳಗಿನ ಗಾಳಿಗೆ ಮುಚ್ಚಳ ಹಾಕಿದಂತಾಗುತ್ತದೆ, ಆವಿ ಅಲ್ಲೇ ನಿಲ್ಲುತ್ತದೆ. ಅಧಿಕಾರಿಗಳ ತಂಡ ಬೆಳಗ್ಗೆ 11ಕ್ಕೆ ಬಂದು ಅಳೆದರೆ ನಸುಕಿನ 3ರ ಗಾಳಿ ಅವರಿಗೆ ಸಿಗುವುದಿಲ್ಲ. ಮಂಗಳೂರಿನಂಥ ಕರಾವಳಿಯಲ್ಲಿ ಹಗಲು ಕಡಲಗಾಳಿ ಪಶ್ಚಿಮದಿಂದ, ರಾತ್ರಿ ನೆಲಗಾಳಿ ಪೂರ್ವದಿಂದ. ಹಗಲು ಘಟಕದ ಪೂರ್ವಕ್ಕಿರುವ ಮನೆಗಳಿಗೆ ಬಡಿಯುವ ಘಾಟು ರಾತ್ರಿ ಪಶ್ಚಿಮದ ಮನೆಗಳಿಗೆ ತಿರುಗುತ್ತದೆ. ಒಂದೇ ಕಡೆ ಮೀಟರ್ ಇಟ್ಟುಕೊಂಡು ಕೂತರೆ ಅರ್ಧ ದಿನ ಕುರುಡಾಗಿರುತ್ತೀರಿ.

ಉಸಿರಾಡುವ ಎತ್ತರದಲ್ಲಿ, ಅಂದರೆ ನೆಲದಿಂದ ಒಂದೂವರೆಯಿಂದ ಎರಡು ಮೀಟರಿನಲ್ಲಿ ಅಳೆಯಿರಿ. ಚಾಲೂ ಇರುವ ಬೈಕ್, ಅಡುಗೆಮನೆ ಕಿಟಕಿ, ಹೊಸದಾಗಿ ಬಣ್ಣ ಬಳಿದ ಗೋಡೆ, ಸೊಳ್ಳೆ ಬತ್ತಿ ಇವುಗಳಿಂದ ದೂರವಿರಿ.

ಹಂತ 5: ಲ್ಯಾಬಿಗೆ ಸ್ಯಾಂಪಲ್ ಹಿಡಿಯುವುದು

ಮೀಟರ್ ಹೇಳುವುದು «ಏನೋ ಇದೆ» ಎಂದು. ಅದು ಇಂಥದ್ದೇ ಎಂದು ಹೆಸರಿಟ್ಟು ಹೇಳುವುದು ಲ್ಯಾಬ್. ಆದ್ದರಿಂದ ಸ್ಯಾಂಪಲ್ ಹಿಡಿಯುವ ಮೊದಲೇ ಲ್ಯಾಬಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ಚೀಲದ ಸ್ಯಾಂಪಲ್ ತಗೊಳ್ಳುತ್ತೀರಾ, ಟಿಒ-15 (ಗಾಳಿಯಲ್ಲಿನ ಸಾವಯವ ಆವಿಗಳನ್ನು ಹೆಸರಿಟ್ಟು ಅಳೆಯುವ ಅಮೆರಿಕದ ವಿಧಾನ) ಮಾಡುತ್ತೀರಾ, ನಿಮ್ಮ ಪಟ್ಟಿಯಲ್ಲಿ ಈ ರಾಸಾಯನಿಕ ಇದೆಯಾ, ಅದು ನಿಮ್ಮ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವ್ಯಾಪ್ತಿಯಲ್ಲಿದೆಯಾ. ಮಾನ್ಯತೆ ಇರುವ ಲ್ಯಾಬಿಗೂ ಎಲ್ಲ ಪರೀಕ್ಷೆಗೂ ಮಾನ್ಯತೆ ಇರುವುದಿಲ್ಲ.

ಸಿಕ್ಕರೆ 6 ಲೀಟರಿನ ಸ್ಟೀಲ್ ಕ್ಯಾನಿಸ್ಟರ್ ಒಳ್ಳೆಯದು. ಲ್ಯಾಬಿನವರೇ ಒಳಗಿನ ಗಾಳಿ ತೆಗೆದು ಕೊಡುತ್ತಾರೆ, ವಾಲ್ವ್ ತಿರುಗಿಸಿದರೆ ತಾನೇ ಗಾಳಿ ಎಳೆದುಕೊಳ್ಳುತ್ತದೆ. ಶುರುವಿನಲ್ಲಿ ಒತ್ತಡದ ಗೇಜ್ ಮೈನಸ್ 30 ಇಂಚಿನ (ಪಾದರಸದ ಅಳತೆ) ಹತ್ತಿರ ಇರಬೇಕು, ಇಲ್ಲದಿದ್ದರೆ ದಾರಿಯಲ್ಲೇ ಸೋರಿದೆ, ಬಳಸಬೇಡಿ. ಸೊನ್ನೆ ತಲುಪುವ ಮುನ್ನ, ಮೈನಸ್ 5ರ ಸುತ್ತ ನಿಲ್ಲಿಸಿ. ಎರಡೂ ಅಂಕಿ ಬರೆಯಿರಿ.

ಕ್ಯಾನಿಸ್ಟರ್ ಸಿಗದ ಕಡೆ ಬಕೆಟ್. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಣ್ಣೆ ಸಂಸ್ಕರಣಾಗಾರಗಳ ನೆರೆಹೊರೆಯವರು ರೂಢಿಗೆ ತಂದ ಈ ಉಪಾಯವನ್ನು ತಮಿಳುನಾಡಿನ ಕಡಲೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹಳ್ಳಿಯವರೂ ಬಳಸಿದ್ದಾರೆ. ಬೇಕಾದ್ದು ಇಷ್ಟು:

– ರಬ್ಬರ್ ರಿಂಗಿನ ಮುಚ್ಚಳವಿರುವ 20 ಲೀಟರಿನ ಹೊಸ ಪ್ಲಾಸ್ಟಿಕ್ ಡಬ್ಬ. ಖಾಲಿ ಪೇಂಟ್ ಡಬ್ಬ ಬೇಡ, ಅದರ ಗೋಡೆಯೇ ದ್ರಾವಕ ಬಿಡುತ್ತಿರುತ್ತದೆ.
– 5 ಅಥವಾ 10 ಲೀಟರಿನ ಟೆಡ್ಲರ್ ಚೀಲ, ಅಂದರೆ ಗಾಳಿಯ ಸ್ಯಾಂಪಲ್ ಹಿಡಿಯಲು ಬಳಸುವ, ವಾಲ್ವ್ ಇರುವ ಪ್ಲಾಸ್ಟಿಕ್ ಚೀಲ.
– ಮುಚ್ಚಳಕ್ಕೆ ಎರಡು ಸ್ಟೀಲ್ ಫಿಟಿಂಗ್, ಒಂದು ವಾಲ್ವ್, ಒಂದು ಮೀಟರ್ ಟೆಫ್ಲಾನ್ ಕೊಳವೆ. ಸಿಲಿಕಾನ್ ಅಥವಾ ರಬ್ಬರ್ ಕೊಳವೆ ಆವಿಯನ್ನು ಹೀರಿಕೊಳ್ಳುತ್ತದೆ.
– 12 ವೋಲ್ಟಿನ ಚಿಕ್ಕ ವ್ಯಾಕ್ಯೂಮ್ ಪಂಪ್, ಬ್ಯಾಟರಿ. ಮೀನಿನ ತೊಟ್ಟಿಯ ಪಂಪ್ ಗಾಳಿ ಊದುತ್ತದೆ, ಎಳೆಯುವುದಿಲ್ಲ.

ಪಂಪ್ ಡಬ್ಬದೊಳಗಿನ ಗಾಳಿಯನ್ನು ಎಳೆಯುತ್ತದೆ, ಆ ಖಾಲಿ ಜಾಗಕ್ಕೆ ಚೀಲ ಹಿಗ್ಗಿ ಹೊರಗಿನ ಗಾಳಿಯನ್ನು ಟೆಫ್ಲಾನ್ ಕೊಳವೆಯಿಂದ ಒಳಗೆ ಸೆಳೆಯುತ್ತದೆ. ಸ್ಯಾಂಪಲ್ ಪಂಪನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಪಂಪಿನ ಎಣ್ಣೆ, ರಬ್ಬರ್ ಅದರಲ್ಲಿ ಸೇರುವುದಿಲ್ಲ.

ಕ್ರಮ ಹೀಗೆ. ಚೀಲವನ್ನು ಒಳಗಿನ ಫಿಟಿಂಗಿಗೆ ಸಿಕ್ಕಿಸಿ ಚೀಲದ ವಾಲ್ವ್ ತೆರೆಯಿರಿ. ಇದನ್ನು ಮರೆತು ಮುಚ್ಚಳ ಹಾಕುವುದು ಪದೇ ಪದೇ ಆಗುವ ತಪ್ಪು. ಮುಚ್ಚಳ ಬಿಗಿದು, ಹೊರಗಿನ ವಾಲ್ವ್ ಮುಚ್ಚಿ, ಹತ್ತು ಸೆಕೆಂಡ್ ಪಂಪ್ ಓಡಿಸಿ. ಡಬ್ಬದ ಗೋಡೆ ತುಸು ಒಳಕ್ಕೆ ಸೆಳೆದುಕೊಂಡರೆ ಸರಿ. ಸೆಳೆದುಕೊಳ್ಳದಿದ್ದರೆ ಮುಚ್ಚಳದ ರಿಂಗ್ ಸೋರುತ್ತಿದೆ. ಈಗ ಹೊರಗಿನ ವಾಲ್ವ್ ತೆರೆಯಿರಿ, ಮೂರರಿಂದ ಐದು ನಿಮಿಷದಲ್ಲಿ ಚೀಲ ಹಿಗ್ಗುತ್ತದೆ. ಮೊದಲ ಸಲ ತುಂಬಿದ್ದನ್ನು ಖಾಲಿ ಮಾಡಿ, ಎರಡನೆಯದನ್ನು ಸ್ಯಾಂಪಲ್ ಆಗಿ ಇಟ್ಟುಕೊಳ್ಳಿ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಬಿಸಿಲಿಗೆ ಹಿಗ್ಗಿ ಸೀಮು ಬಿಡುತ್ತದೆ. ಹೊರಗಿನ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಮುಚ್ಚಳ ತೆಗೆದು, ಚೀಲದ ವಾಲ್ವ್ ಮುಚ್ಚಿ.

ಚೀಲದ ಮೇಲೆ ಮಾರ್ಕರ್ ಪೆನ್ನಿನಿಂದ ಬರೆಯಬೇಡಿ. ಮಾರ್ಕರಿನ ಶಾಯಿಯಲ್ಲಿರುವ ದ್ರಾವಕ ಚೀಲದೊಳಗೂ ಸೇರಿ ವರದಿಯಲ್ಲಿ ಬರಬಹುದು. ರಟ್ಟಿನ ಚೀಟಿಗೆ ಬಾಲ್ ಪೆನ್ನಿನಲ್ಲಿ ಬರೆದು ವಾಲ್ವಿಗೆ ದಾರದಿಂದ ಕಟ್ಟಿ. ಚೀಲವನ್ನು ಬೆಳಕು ಬೀಳದ ರಟ್ಟಿನ ಪೆಟ್ಟಿಗೆಯಲ್ಲಿಡಿ, ಐಸ್ ಬೇಡ, ಒಳಗೆ ನೀರು ಹನಿ ಕಟ್ಟುತ್ತದೆ. 24 ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಸ್ಟೈರೀನ್ ಚೀಲದ ಗೋಡೆಗೆ ಅಂಟುತ್ತ ಕಡಿಮೆಯಾಗುತ್ತ ಹೋಗುತ್ತದೆ, ಅದೇ ದಿನ ತಲುಪಿಸಿದರೆ ಒಳ್ಳೆಯದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕೊರಿಯರ್ ಮಾಡಿ ಮೂರು ದಿನ ಕಾಯುವುದಾದರೆ ದುಡ್ಡು ಹಾಳು.

ಎರಡೇ ಸ್ಯಾಂಪಲ್ಲಿಗೆ ದುಡ್ಡಿದ್ದರೂ ಒಂದನ್ನು ಗಾಳಿ ಬರುವ ಕಡೆಯಿಂದ ಹಿಡಿಯಿರಿ. ಎರಡನ್ನೂ ಘಾಟಿರುವ ಕಡೆ ಹಿಡಿಯುವ ಆಸೆ ಸಹಜ, ಆದರೆ ಹೋಲಿಸಲು ಏನೂ ಇಲ್ಲದ ಅಂಕಿ ನಿಲ್ಲುವುದಿಲ್ಲ. ಚೀಲ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಯಿತು ಎಂದು ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಸಹಿ ಇರಲಿ. ಹಾಳೆಯಲ್ಲಿ ಒಂದು ಗಂಟೆಯ ಖಾಲಿ ಬಿದ್ದರೂ ಪ್ರಶ್ನೆ ಏಳುತ್ತದೆ.

ಹಂತ 6: ದೂಳಿನ ಸೆನ್ಸರ್, ಬೇಕಿದ್ದರೆ ಮಾತ್ರ

ಬೆಂಕಿ ಬಿದ್ದು ಹೊಗೆ ಎದ್ದಿದ್ದರೆ, ಕಲ್ಲಿದ್ದಲು ಅಥವಾ ಪೆಟ್ ಕೋಕ್ (ಎಣ್ಣೆ ಸಂಸ್ಕರಣೆಯಲ್ಲಿ ಉಳಿಯುವ ಇದ್ದಿಲು) ಪುಡಿ ಹಾರುತ್ತಿದ್ದರೆ ಪಿಎಂ2.5 (2.5 ಮೈಕ್ರಾನಿಗಿಂತ ಚಿಕ್ಕ ದೂಳಿನ ಕಣ) ಅಳೆಯುವ ಸೆನ್ಸರ್ ಉಪಯೋಗಕ್ಕೆ ಬರುತ್ತದೆ. ಅನಿಲ ಸೋರಿಕೆಗೆ ಬರುವುದಿಲ್ಲ.

ಎಸ್‌ಡಿಎಸ್011, ಪಿಎಂಎಸ್5003ರಂಥ ಸೆನ್ಸರುಗಳು ಲೇಸರ್ ಬೆಳಕಿನ ಚದುರುವಿಕೆಯಿಂದ ಎಣಿಸುತ್ತವೆ. ಎಸ್‌ಡಿಎಸ್011ನ ಮಿತಿ 70 ಪ್ರತಿಶತ ಆರ್ದ್ರತೆ. ಅದಕ್ಕಿಂತ ಮೇಲೆ ದೂಳಿನ ಕಣ ನೀರು ಕುಡಿದು ಉಬ್ಬಿ ಅಂಕಿ ಸುಮ್ಮನೆ ಏರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಆರ್ದ್ರತೆಯ ಸೆನ್ಸರ್ ಜೊತೆಗಿಲ್ಲದ ಓದನ್ನು ನಂಬಬೇಡಿ. ಸ್ನಾನದ ಹಂಡೆಗೆ ಒಲೆ ಹಚ್ಚುವ ಬೆಳಗಿನ ಹೊತ್ತು, ಒಣಮೆಣಸಿನ ಒಗ್ಗರಣೆ, ಅಂಗಳದಲ್ಲಿ ಸುಡುವ ತರಗೆಲೆ ಎಲ್ಲವೂ ಗ್ರಾಫಿನಲ್ಲಿ ಬೆಟ್ಟ ಎಬ್ಬಿಸುತ್ತವೆ. ಅವನ್ನೂ ಪುಸ್ತಕದಲ್ಲಿ ಬರೆದಿಡಿ.

ಇನ್ನೊಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಎಷ್ಟೋ ಸೆನ್ಸರುಗಳ ಕಡತದಲ್ಲಿ ಸಮಯ ಯುಟಿಸಿಯಲ್ಲಿ, ಅಂದರೆ ಭಾರತದ ಸಮಯಕ್ಕಿಂತ ಹಿಂದಿರುವ ಜಾಗತಿಕ ಸಮಯದಲ್ಲಿ ಇರುತ್ತದೆ. ಐದೂವರೆ ಗಂಟೆ ಕೂಡಿಸದಿದ್ದರೆ ನಸುಕಿನ 3ರ ಏರಿಕೆ ಹಿಂದಿನ ರಾತ್ರಿ 9:30ಕ್ಕೆ ಕಾಣುತ್ತದೆ, ವಾಸನೆಯ ಪುಸ್ತಕಕ್ಕೂ ಸೆನ್ಸರಿಗೂ ತಾಳೆಯೇ ಆಗುವುದಿಲ್ಲ. ಮೊದಲ ದಿನವೇ ಒಂದು ಬೆಂಕಿಕಡ್ಡಿ ಗೀರಿ ಆರಿಸಿ, ಆ ನಿಮಿಷ ಕಡತದಲ್ಲಿ ಎಲ್ಲಿ ಬಂತು ನೋಡಿ. ಮನೆಯೊಳಗೆ, ಘಾಟಿಲ್ಲದ ಜಾಗದಲ್ಲಿ ಮಾತ್ರ.

ಹಂತ 7: ಅಂಕಿಯನ್ನು ಯಾವ ಮಿತಿಯೊಂದಿಗೆ ಹೋಲಿಸಬೇಕು

2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಮಾನದಂಡಗಳಲ್ಲಿ ಇರುವುದು 12 ಮಾಲಿನ್ಯಕಾರಕಗಳು. ಘನ ಮೀಟರಿಗೆ ಅಮೋನಿಯ 24 ಗಂಟೆಯ ಸರಾಸರಿ 400 ಮೈಕ್ರೊಗ್ರಾಂ, ಸಲ್ಫರ್ ಡೈಆಕ್ಸೈಡ್ 80, ಪಿಎಂ2.5 60, ಬೆಂಜೀನ್ ವರ್ಷದ ಸರಾಸರಿ 5. ಸ್ಟೈರೀನ್, ಕ್ಲೋರಿನ್, ಹೈಡ್ರೋಜನ್ ಸಲ್ಫೈಡ್ ಆ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ «ಎಲ್ಲ ಮಾನದಂಡಗಳೂ ಮಿತಿಯೊಳಗಿವೆ» ಎಂಬ ವರದಿ ಸ್ಟೈರೀನ್ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ವರದಿಯಲ್ಲಿ ಯಾವ ರಾಸಾಯನಿಕ ಅಳೆದರು ಎಂದು ಮೊದಲು ನೋಡಿ, ಅಂಕಿ ಆಮೇಲೆ.

ತಾಸಿನ ಲೆಕ್ಕದ ಅಪಾಯಕ್ಕೆ ಅಮೆರಿಕದ ಎಇಜಿಎಲ್ (ಅವಘಡದ ಹೊತ್ತಿನ ಅಲ್ಪಾವಧಿ ಸೇವನೆಗೆ ಗೊತ್ತುಮಾಡಿದ) ಮಟ್ಟಗಳನ್ನು ಬಳಸುವುದು ರೂಢಿ. 60 ನಿಮಿಷಕ್ಕೆ ಮೂರು ಮೆಟ್ಟಿಲು: ಕಿರಿಕಿರಿ, ಗಂಭೀರ ಹಾನಿ, ಜೀವಾಪಾಯ. ಸ್ಟೈರೀನಿಗೆ 20, 130, 1100 ಪಿಪಿಎಂ. ಅಮೋನಿಯಕ್ಕೆ 30, 160, 1100. ಕ್ಲೋರಿನಿಗೆ 0.5, 2, 20. ಕ್ಲೋರಿನಿನಲ್ಲಿ ಮೊದಲ ಮೆಟ್ಟಿಲಿಗೂ ಎರಡನೆಯದಕ್ಕೂ ಎಷ್ಟು ಕಡಿಮೆ ಅಂತರವಿದೆ ನೋಡಿ.

ಮಾನಗಳ ಗೊಂದಲ ಹೀಗೆ ಬಿಡಿಸಿ: 25 ಡಿಗ್ರಿಯಲ್ಲಿ ಪಿಪಿಬಿಯನ್ನು (ನೂರು ಕೋಟಿಯಲ್ಲಿ ಎಷ್ಟು ಭಾಗ, 1 ಪಿಪಿಎಂ ಎಂದರೆ 1000 ಪಿಪಿಬಿ) ಅಣುತೂಕದಿಂದ ಗುಣಿಸಿ 24.45ರಿಂದ ಭಾಗಿಸಿದರೆ ಘನ ಮೀಟರಿಗೆ ಮೈಕ್ರೊಗ್ರಾಂ ಬರುತ್ತದೆ. ಸ್ಟೈರೀನಿನ ಅಣುತೂಕ 104, ಆದ್ದರಿಂದ 1 ಪಿಪಿಬಿ ಎಂದರೆ ಸುಮಾರು 4.3 ಮೈಕ್ರೊಗ್ರಾಂ. ಬೆಂಜೀನಿನ 5 ಮೈಕ್ರೊಗ್ರಾಂ ಮಿತಿ ಎಂದರೆ ಸುಮಾರು 1.6 ಪಿಪಿಬಿ. 0.1 ಪಿಪಿಎಂಗಿಂತ ಕೆಳಗೆ ಕಾಣದ ಮೀಟರಿಗೆ 100 ಪಿಪಿಬಿ ಬೆಂಜೀನ್ ಕೂಡ ಬರೀ ಕೊನೆಯ ಅಂಕಿ. ಅಂಥ ಮೀಟರಿನ «0.0» ಶುದ್ಧ ಗಾಳಿಗೆ ಸಾಕ್ಷಿಯಲ್ಲ.

ಸ್ಯಾಂಪಲ್ ತಡವಾಗಿ ಹಿಡಿದದ್ದಾದರೆ ಅದನ್ನೂ ವರದಿಯಲ್ಲಿ ಬರೆಯಿರಿ. ಸ್ಟೈರೀನ್ ಗಾಳಿಯಲ್ಲಿ ಕೆಲವೇ ತಾಸಿನಲ್ಲಿ ಒಡೆದುಹೋಗುತ್ತದೆ. ಮಾರನೆಯ ದಿನ ಏನೂ ಸಿಗಲಿಲ್ಲ ಎಂದರೆ ಹಿಂದಿನ ರಾತ್ರಿ ಜನ ಏನನ್ನೂ ಉಸಿರಾಡಲಿಲ್ಲ ಎಂದಲ್ಲ. ಮೈಗೆ ಹೊಕ್ಕ ಸ್ಟೈರೀನ್ ಮೂತ್ರದಲ್ಲಿ ಮ್ಯಾಂಡೆಲಿಕ್ ಆಮ್ಲವಾಗಿ ಒಂದೆರಡು ದಿನದಲ್ಲಿ ಹೊರಹೋಗುತ್ತದೆ. ಆ ಪರೀಕ್ಷೆ ಬೇಕೆಂದು ವೈದ್ಯರನ್ನು ಮೊದಲ ದಿನವೇ ಕೇಳಿ.

ಹಂತ 8: ಯಾರ ಮುಂದೆ, ಹೇಗೆ ಇಡಬೇಕು

ವಾಯು ಕಾಯ್ದೆ 1981ರ 26ನೆಯ ಸೆಕ್ಷನ್ ಪ್ರಕಾರ ಕಾನೂನಿನ ಸ್ಯಾಂಪಲ್ ತೆಗೆಯುವ ಅಧಿಕಾರ ಮಂಡಳಿಯದು: ಘಟಕದವರಿಗೆ ನೋಟಿಸ್, ಮೊಹರು, ಸಹಿ ಎಲ್ಲ ಕ್ರಮಬದ್ಧವಾಗಿರಬೇಕು. ನಿಮ್ಮ ಅಂಕಿ ಅದರ ಜಾಗದಲ್ಲಿ ಕೂರಲಾರದು. ಆದರೆ ಮಂಡಳಿಯ ತಂಡವನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ, ಸರಿಯಾದ ಸಾಧನದೊಂದಿಗೆ ಬರಿಸುವ ಶಕ್ತಿ ಅದಕ್ಕಿದೆ. ಆದ್ದರಿಂದ ಮನವಿಯಲ್ಲಿ «ಕ್ರಮ ಕೈಗೊಳ್ಳಿ» ಎಂದಷ್ಟೇ ಬರೆಯದೆ ಹೀಗೆ ಬರೆಯಿರಿ: «ಕಳೆದ ಒಂಬತ್ತು ದಿನಗಳಲ್ಲಿ ಆರು ರಾತ್ರಿ 2ರಿಂದ 4ರ ನಡುವೆ, ಗಾಳಿ ಪೂರ್ವದಿಂದಿದ್ದಾಗ, ಶಾಲೆಯ ಬಳಿ ತೀವ್ರತೆ 3ಕ್ಕಿಂತ ಹೆಚ್ಚು. ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಸ್ಟೈರೀನಿಗೆ ಕ್ಯಾನಿಸ್ಟರ್ ಸ್ಯಾಂಪಲ್ ತೆಗೆಯಬೇಕು.»

ಮನವಿಯ ಪ್ರತಿ ಮಂಡಳಿಯ ಪ್ರಾದೇಶಿಕ ಕಚೇರಿಗೂ ಜಿಲ್ಲಾಧಿಕಾರಿಗೂ ಹೋಗಲಿ. 1996ರ ರಾಸಾಯನಿಕ ಅಪಘಾತಗಳ ನಿಯಮಗಳಂತೆ ಜಿಲ್ಲಾ ಬಿಕ್ಕಟ್ಟು ಗುಂಪಿನ ಅಧ್ಯಕ್ಷರು ಅವರೇ. ಸ್ವೀಕೃತಿ ಮೊಹರಿಲ್ಲದೆ ಕಚೇರಿಯಿಂದ ಹೊರಬರಬೇಡಿ. ಪರಿಹಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಲು ಐದು ವರ್ಷದ ಅವಕಾಶವಿದೆ, ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ಪೀಠ. ಮೂಲ ನೋಟ್‌ಬುಕ್ಕನ್ನು ಯಾರಿಗೂ ಕೊಡಬೇಡಿ, ಪ್ರತಿ ಪುಟದ ಫೋಟೊ ಇಬ್ಬರ ಬಳಿ ಇರಲಿ. ರೋಗಲಕ್ಷಣದ ಪಟ್ಟಿಯಲ್ಲಿ ಜನರ ಹೆಸರಿನ ಬದಲು ಸಂಖ್ಯೆ ಹಾಕಿ, ಹೆಸರಿನ ಕೀಲಿ ಬೇರೆ ಕಡೆ ಇಡಿ.

ಕೆಲಸ ನಿಲ್ಲಿಸುವುದು ಯಾವಾಗ

ನಮ್ಮ ಲೆಕ್ಕದಲ್ಲಿ, ರಾತ್ರಿ ಪಾಳಿಯೂ ಸೇರಿ ಸತತ 14 ದಿನ ಎಲ್ಲ ಜಾಗಗಳಲ್ಲಿ ತೀವ್ರತೆ 2 ಮುಟ್ಟದಿದ್ದರೆ ದಿನಕ್ಕೆ ನಾಲ್ಕರ ಬದಲು ಎರಡು ಸಲ ಬರೆದರೆ ಸಾಕು. ಮೂರು ಸಂದರ್ಭಗಳಲ್ಲಿ ಮಾತ್ರ ಮತ್ತೆ ಪೂರ್ತಿ ಪಾಳಿ ಬೇಕು: ಉಳಿದ ರಾಸಾಯನಿಕವನ್ನು ಟ್ಯಾಂಕಿನಿಂದ ಸಾಗಿಸುವಾಗ, ಟ್ಯಾಂಕ್ ತೊಳೆಯುವಾಗ, ಘಟಕ ಮತ್ತೆ ಶುರುವಾದ ಮೊದಲ ವಾರ. ಈ ಮೂರರ ತಾರೀಖನ್ನೂ ಮುಂಚಿತವಾಗಿ ತಿಳಿಸಬೇಕೆಂದು ಜಿಲ್ಲಾಧಿಕಾರಿಯ ಕಚೇರಿಗೆ ಈಗಲೇ ಬರೆದು ಕೊಡಿ. ತಾರೀಖು ಬಂದ ದಿನ ಪಂಪಿನ ಬ್ಯಾಟರಿ ಚಾರ್ಜ್ ಮಾಡಿ, ಎರಡು ಹೊಸ ಚೀಲ ತೆಗೆದಿಟ್ಟು, ಲ್ಯಾಬಿಗೆ ಫೋನ್ ಮಾಡಿ.